ಪದಚರ್ಚೆ: ‘ಫಲಾನುಭವಿ’ಯೋ ‘ಹಕ್ಕುದಾರ’ರೋ?

ಪ್ರಶ್ನೆ: ಬೆಂಗಳೂರಿನ ಮನೆಗೆಲಸದ ಹೆಂಗಸರಿಗಾಗಿ ರೇಷನ್ ಬಗ್ಗೆ ಕರಪತ್ರ ಬರೆಯಬೇಕಿದೆ. ಸರ್ಕಾರಿ ಕಾಗದಗಳಲ್ಲಿ ‘ಫಲಾನುಭವಿ’ ಎಂದಿರುತ್ತದೆ. ಹಕ್ಕಿನ ಮಾತಿಗೆ ಆ ಪದ ಹೊಂದೀತೇ? ಪಡೆಯುವವರಿಗೆ ‘ಹಕ್ಕುದಾರ’, ಕೊಡಬೇಕಾದವರಿಗೆ ‘ಬಾಧ್ಯಸ್ಥ’ ಎಂಬ ಜೋಡಿ ಹೇಗೆ? ಬಲ್ಲವರು ತಿಳಿಸಿ.

ಉತ್ತರ: ‘ಫಲಾನುಭವಿ’ ಬೇಡ. ಉಣ್ಣುವವರು ಯಾರೆಂದು ಆ ಪದ ಹೇಳುತ್ತದೆ, ಬಡಿಸಬೇಕಾದವರ ಸುದ್ದಿಯೇ ಅದರಲ್ಲಿಲ್ಲ. ಕೊಟ್ಟರೆ ಉಂಟು, ಕೊಡದಿದ್ದರೆ ಕೇಳುವಂತಿಲ್ಲ ಎಂಬ ದನಿ ಅದಕ್ಕೆ ಅಂಟಿಕೊಂಡಿದೆ.

‘ಹಕ್ಕುದಾರರು’ ಸರಿ. ಆದರೆ ಕೊಳೆಗೇರಿಗಳಲ್ಲಿ ‘ಹಕ್ಕುಪತ್ರ’ ಎಂದರೆ ಮನೆ, ನಿವೇಶನದ ಕಾಗದ. ಬರೀ ‘ಹಕ್ಕುದಾರರ ಸಭೆ’ ಎಂದು ಅಚ್ಚು ಹಾಕಿದರೆ ಸೈಟಿನ ವಿಷಯವೆಂದೇ ಜನ ತಿಳಿಯುತ್ತಾರೆ. ‘ರೇಷನ್ ಹಕ್ಕುದಾರರು’ ಎಂದು ಬಿಡಿಸಿ ಬರೆಯಿರಿ. ಬಹುವಚನದಲ್ಲೇ ಇಟ್ಟರೆ ‘ಹಕ್ಕುದಾರಳು’, ‘ಹಕ್ಕುದಾರೆ’ ಎಂಬ ಒದ್ದಾಟವೂ ತಪ್ಪುತ್ತದೆ.

‘ಬಾಧ್ಯಸ್ಥ’ ಕೈಕೊಡುತ್ತದೆ. ‘ಆಸ್ತಿಗೆ ಬಾಧ್ಯಸ್ಥರು’ ಎಂದರೆ ಆಸ್ತಿ ಪಡೆಯುವವರು. ನಿಮಗೆ ಬೇಕಾದದ್ದು ಕೊಡಬೇಕಾದವರನ್ನು ಹೇಳುವ ಪದ. ‘ಹೊಣೆಗಾರರು’ ಎನ್ನಿ, ಹೊಣೆ ಎಲ್ಲರ ಬಾಯಲ್ಲೂ ಇರುವ ಮಾತು.

ನನ್ನನ್ನು ಕೇಳಿದರೆ, ಇದಕ್ಕಿಂತ ಹೆಚ್ಚು ಕೆಡುವುದು ಕ್ರಿಯಾಪದದಲ್ಲಿ. ‘ಅಕ್ಕಿ ವಿತರಿಸಲಾಗುವುದು’ ಎಂದು ಬರೆದ ಕೂಡಲೇ ಕೊಡುವವರು ಆ ‘ಲಾಗುವುದು’ ಹಿಂದೆ ಅಡಗಿಬಿಡುತ್ತಾರೆ. ಕಾಯ್ದೆಗಳ ‘ಕೊಡತಕ್ಕದ್ದು’ ಬಿಗಿಯಾದ ಮಾತು, ಕರಪತ್ರಕ್ಕೆ ಮಾತ್ರ ಒಗ್ಗದು. ‘ಕೊಡಲೇಬೇಕು’ ಸಾಕು. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯನ್ನು ಹೀಗೆ ಬರೆಯಬಹುದು:

‘ಆದ್ಯತಾ (ಬಿಪಿಎಲ್ ಕಾರ್ಡಿನ) ಕುಟುಂಬದ ಒಬ್ಬೊಬ್ಬರಿಗೂ ತಿಂಗಳಿಗೆ 5 ಕೆಜಿ, ಅಂತ್ಯೋದಯ (ಕಡುಬಡವರ ಕಾರ್ಡಿನ) ಕುಟುಂಬಕ್ಕೆ 35 ಕೆಜಿ ಧಾನ್ಯವನ್ನು ಸರ್ಕಾರ ಕೊಡಲೇಬೇಕು. ಕೊಡದಿದ್ದರೆ ಅದರ ಬದಲು ಆಹಾರ ಭದ್ರತಾ ಭತ್ಯೆ ಕೊಡಬೇಕು. ದೂರನ್ನು ಜಿಲ್ಲಾ ಕುಂದುಕೊರತೆ ನಿವಾರಣಾಧಿಕಾರಿಗೆ ಕೊಡಿ. ಅವರ ಆದೇಶ ಒಪ್ಪಿಗೆಯಾಗದಿದ್ದರೆ ರಾಜ್ಯ ಆಹಾರ ಆಯೋಗಕ್ಕೆ ಮೇಲ್ಮನವಿ ಹಾಕಿ.’

ಯಾರು, ಎಷ್ಟು, ತಪ್ಪಿದರೆ ಎಲ್ಲಿಗೆ ಎಂಬ ಮೂರರಲ್ಲಿ ಒಂದು ಬಿಟ್ಟುಹೋದರೂ ವಾಕ್ಯ ಮತ್ತೆ ಬೇಡಿಕೆಯಾಗುತ್ತದೆ.

ಇನ್ನೊಂದು ಪದ. ಅದೇ ಕಾಯ್ದೆಯ ಪ್ರಕಾರ 18 ತುಂಬಿದ ಹೆಂಗಸರಲ್ಲಿ ಎಲ್ಲರಿಗಿಂತ ಹಿರಿಯವರೇ ರೇಷನ್ ಕಾರ್ಡಿನಲ್ಲಿ ಮನೆಯ ಮುಖ್ಯಸ್ಥರು. ‘ಮುಖ್ಯಸ್ಥೆ’ ಎನ್ನುವುದಕ್ಕಿಂತ ‘ಯಜಮಾನಿ’ ಎಂದು ಹಾಕಿ. ಮೊದಲೆಲ್ಲ ಯಜಮಾನರ ಹೆಂಡತಿ ಎಂಬ ಅರ್ಥವೂ ಅದಕ್ಕಿತ್ತು. 2023ರಲ್ಲಿ ಗೃಹಲಕ್ಷ್ಮಿ ಯೋಜನೆ ‘ಮನೆಯ ಯಜಮಾನಿ’ ಎಂದಿದ್ದರಿಂದ, ಕಾರ್ಡಿನಲ್ಲಿ ಮೊದಲ ಹೆಸರು ತನ್ನದಾಗಿರುವ ಹೆಂಗಸು ಎಂದೇ ಈಗ ಎಲ್ಲರಿಗೂ ಅರ್ಥವಾಗುತ್ತದೆ.