ಸಂಜೆಯಾಗುವಾಗ ಆವರೇಜ್ ಬೀಳುವುದು ಯಾಕೆ?

ಪ್ರಶ್ನೆ: ಮನೆ ಮಣಿಪಾಲದಲ್ಲಿ, ಕೆಲಸ ಉಡುಪಿ ಪೇಟೆಯಲ್ಲಿ. ಪೆಟ್ರೋಲ್ ಕಾರು. ಟ್ಯಾಂಕ್ ತುಂಬಿಸಿದಾಗಲೆಲ್ಲ ಟ್ರಿಪ್ ಸೊನ್ನೆ ಮಾಡ್ತೇನೆ. ಮೊದಲ ದಿನ ಪೇಟೆಗೆ ಇಳಿದಾಗ ಮೀಟರಿನಲ್ಲಿ ಆವರೇಜ್ ಲೀಟರಿಗೆ 22 ಕಿ.ಮೀ. ತೋರಿಸ್ತದೆ, ಸಂಜೆ ಮನೆ ಮುಟ್ಟುವಾಗ 13. ಅರ್ಧ ಟ್ಯಾಂಕ್ ಮುಗಿದ ಮೇಲೆ ಅಲ್ಲಾಡುವುದೇ ಇಲ್ಲ. ಸೆನ್ಸರ್ ಹಾಳಾಯ್ತಾ?

ಮೆಕ್ಯಾನಿಕ್: ಸೆನ್ಸರಿಗೆ ಎಂತದೂ ಆಗ್ಲಿಲ್ಲ ಮಾರಾಯ್ರೆ, ನಿಮ್ಮ ದಾರಿಯೇ ಹಾಗೆ. ಸೊನ್ನೆ ಮಾಡಿದಲ್ಲಿಂದ ಓಡಿದ ಕಿಲೋಮೀಟರನ್ನು ಸುಟ್ಟ ಪೆಟ್ರೋಲಿನಿಂದ ಭಾಗಿಸಿದ್ದೇ ಆವರೇಜ್. ಇಳಿಯುವಾಗ ಗೇರಿನಲ್ಲೇ ಇದ್ದು ಆಕ್ಸಿಲರೇಟರ್ ಬಿಟ್ಟರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸ್ತದೆ. (ನ್ಯೂಟ್ರಲ್ ಮಾಡಿ ಇಳಿಸುವವರಿದ್ದಾರೆ. ಆಗ ಎಂಜಿನ್ ಐಡಲ್ ಆಗ್ಲಿಕ್ಕೆ ಪೆಟ್ರೋಲ್ ಬೇಕು, ಬ್ರೇಕಿಗೂ ಕೇಡು.)

5 ಕಿ.ಮೀ. ಇಳಿದಿರಿ ಅಂತ ಇಟ್ಟುಕೊಳ್ಳಿ. 22ರ ಲೆಕ್ಕದಲ್ಲಿ ಸುಮಾರು 230 ಮಿ.ಲೀ. ಹತ್ತುವಾಗ 9 ಸಿಕ್ಕಿದರೆ ಅದೇ 5 ಕಿ.ಮೀ.ಗೆ 550. ಒಟ್ಟು 10 ಕಿ.ಮೀ.ಗೆ 780 ಮಿ.ಲೀ., ಅಂದರೆ 12.8. 22ಕ್ಕೆ 9 ಕೂಡಿಸಿ ಎರಡರಿಂದ ಭಾಗಿಸಿದರೆ 15.5 ಬರ್ತದಲ್ಲ, ಆ ಲೆಕ್ಕವೇ ತಪ್ಪು. ಹೆಚ್ಚು ಪೆಟ್ರೋಲ್ ಕುಡಿದ ದಾರಿಯದ್ದೇ ಮೇಲುಗೈ. 200 ಕಿ.ಮೀ. ಓಡಿದ ಮೇಲೆ ಅದೇ ಚಡಾವು ಹತ್ತಿದರೆ 12.8 ಇದ್ದದ್ದು 12.7 ಆದೀತು, ಅಷ್ಟೆ.

ಇನ್ನೊಬ್ಬರು: ನಂಗೆ ಮಂಗಳೂರಲ್ಲಿ ನಂತೂರು ಸರ್ಕಲ್‌ನಲ್ಲಿ ನಿಂತಲ್ಲೇ ಇಳೀತದೆ ಅಣ್ಣ!

ಮೆಕ್ಯಾನಿಕ್: ನಿಂತರೆ ಕಿಲೋಮೀಟರ್ ಇಲ್ಲ, ಪೆಟ್ರೋಲ್ ಉರೀತಾ ಉಂಟು, ಮೇಲಿಂದ ಎಸಿ. ಇಳಿಯದೆ ಇನ್ನೆಂತ ಮಾಡ್ತದೆ? ಹೆದ್ದಾರಿ 66ರಲ್ಲಿ ಉಡುಪಿಗೆ 70ರಲ್ಲಿ ಒಂದೇ ಸಮ ಬನ್ನಿ, ಏರಿರ್ತದೆ.

ಪ್ರಶ್ನೆ ಕೇಳಿದವರು: ಹಾಗಾದ್ರೆ ನಿಜವಾದ ಮೈಲೇಜ್ ತಿಳಿಯುವುದು ಹೇಗೆ?

ಮೆಕ್ಯಾನಿಕ್: ಫುಲ್ ಟ್ಯಾಂಕ್‌ನಿಂದ ಫುಲ್ ಟ್ಯಾಂಕ್. ಅದೇ ಪಂಪ್, ನಾಝಲ್ ಮೊದಲ ಸಲ ಕಟ್ ಆದಲ್ಲಿಗೆ ನಿಲ್ಲಿಸಿ. ಹುಡುಗ "ರೌಂಡ್ ಮಾಡ್ತೇನೆ ಸರ್" ಅಂತಾನೆ, ಬಿಡಬೇಡಿ. ಓಡಿದ ಕಿಲೋಮೀಟರನ್ನು ಬಿಲ್ಲಿನಲ್ಲಿರುವ ಲೀಟರಿನಿಂದ ಭಾಗಿಸಿ. ಮೀಟರಿನದ್ದು ಇದಕ್ಕಿಂತ ಸ್ವಲ್ಪ ಹೆಚ್ಚೇ ಇರುವುದುಂಟು, ಅದು ಇಂಜೆಕ್ಟರ್ ತೆರೆದ ಹೊತ್ತಿನ ಮೇಲೆ ಮಾಡುವ ಅಂದಾಜು.

ಸತತ ಎರಡು ಮೂರು ಟ್ಯಾಂಕ್ ಇದೇ ಲೆಕ್ಕ ಕಮ್ಮಿ ಬಂದರೆ ಗಾಡಿ ತನ್ನಿ. ಮೊದಲು ಟಯರಿನ ಗಾಳಿ ನೋಡಿಸಿ. ಮಳೆಗಾಲದಲ್ಲಿ ಹ್ಯಾಂಡ್‌ಬ್ರೇಕ್ ಹಾಕಿ ನಾಲ್ಕು ದಿನ ನಿಲ್ಲಿಸಿದ ಗಾಡಿಯ ಬ್ರೇಕ್ ಹಿಡಿದುಕೊಳ್ಳುವುದುಂಟು. ಓಡಿಸಿ ಬಂದ ಮೇಲೆ ಒಂದು ಚಕ್ರದ ಹತ್ತಿರ ಮಾತ್ರ ಬಿಸಿ ಹೊಡೆದರೆ ಅದೇ. ಡ್ರಮ್ ಮುಟ್ಟಬೇಡಿ, ಕೈ ಸುಡ್ತದೆ.