ವಾಚ್, ಫೋನ್ ಮನೇಲಿಟ್ಟು ಓಡೋರು ಪೇಸ್ (ಓಟದ ವೇಗ) ಹೇಗೆ ಹಿಡೀತೀರಿ?

ನಿಧಾನವೇ_ಪ್ರಧಾನ:
ಹಾಫ್ ಮ್ಯಾರಥಾನ್‌ಗೆ ತಯಾರಿ ನಡೀತಿದೆ. ಓಟ ಶುರು ಮಾಡಿದ್ದೇ ಜಿಪಿಎಸ್ ವಾಚ್ ಕಟ್ಟಿಕೊಂಡು. ಈಗೀಗ ದಾರಿಗಿಂತ ಮಣಿಕಟ್ಟು ನೋಡೋದೇ ಜಾಸ್ತಿಯಾಗಿದೆ. ಹಾರ್ಟ್ ರೇಟ್ ಸ್ವಲ್ಪ ಏರಿದ್ರೆ ಗಾಬರಿ, ಪೇಸ್ ಇಳಿದ್ರೆ ಬೇಜಾರು. ಓಟ ಹೇಗಾಯ್ತು ಅಂತ ಮನೇಲಿ ಕೇಳಿದ್ರೆ ಆ್ಯಪ್ ತೆಗೆದು ನೋಡಿ ಉತ್ತರ ಹೇಳ್ತೀನಿ! ಸ್ವಲ್ಪ ದಿನ ವಾಚ್, ಫೋನ್, ಇಯರ್‌ಫೋನ್ ಎಲ್ಲಾ ಬಿಟ್ಟು ಓಡೋಣ ಅಂತಿದ್ದೀನಿ. ಆದ್ರೆ ಈಸಿ ರನ್ (ಆರಾಮಾಗಿ ಓಡಬೇಕಾದ ಓಟ) ನಿಜಕ್ಕೂ ಈಸಿಯಾಗಿದೆ ಅಂತ ಗೊತ್ತಾಗೋದು ಹೇಗೆ? ದೂರದ ಲೆಕ್ಕ ಹೇಗೆ?

ಹಳೇ_ಶೂ:
ಮಗ್ಗಿ ಹೇಳ್ಕೊಂಡು ಓಡಿ. ತಮಾಷೆ ಅಲ್ಲ.

ನಾನು ಹದಿಮೂರರ ಮಗ್ಗಿ ಹಿಡೀತೀನಿ, ಮನಸ್ಸಲ್ಲಲ್ಲ, ಬಾಯಿಬಿಟ್ಟು. ‘ಹದಿಮೂರೊಂದ್ಲ ಹದಿಮೂರು, ಹದಿಮೂರೆರಡ್ಲ ಇಪ್ಪತ್ತಾರು’ ಇಷ್ಟು ಒಂದೇ ಉಸಿರಲ್ಲಿ ಸಲೀಸಾಗಿ ಬಂದ್ರೆ ಅದು ಈಸಿ. ‘ಹದಿಮೂರೆರಡ್ಲ’ ಅಂದಮೇಲೆ ಒಂದು ಉಸಿರು ಎಳ್ಕೊಂಡು ‘ಇಪ್ಪತ್ತಾರು’ ಅನ್ನಬೇಕಾಗಿ ಬಂದ್ರೆ ಈಸಿ ದಾಟಿದ್ದೀರಿ ಅಂತಲೇ, ವಾಚ್ ಏನೇ ಹೇಳಲಿ. ಏರು ಬಂದಾಗ ಮಗ್ಗಿ ಮುರಿಯುತ್ತೆ, ಆಗ ಹೆಜ್ಜೆ ಚಿಕ್ಕದು ಮಾಡಿ ನಿಧಾನಿಸಿ. ಪೇಸ್ ನೋಡ್ಕೊಂಡು ಓಡೋರು ಏರಲ್ಲೂ ಅದೇ ಅಂಕಿ ಹಿಡಿಯೋಕೆ ಹೋಗಿ ಸುಸ್ತಾಗೋದು ಇಲ್ಲೇ. ಜೋರಾಗಿ ಹೇಳೋಕೆ ನಾಚಿಕೆಯಾದ್ರೆ ಪಿಸುಗುಟ್ಟಬಹುದು, ಆದ್ರೆ ಪಿಸುಮಾತಲ್ಲಿ ಮೋಸ ಮಾಡೋದು ಸುಲಭ.

ಇದಕ್ಕೆ ಶಾಸ್ತ್ರದ ಬೆಂಬಲವೂ ಉಂಟು. ಸ್ವೀಡನ್ನಿನ ಮನೋವಿಜ್ಞಾನಿ ಗುನ್ನಾರ್ ಬೋರ್ಗ್ 1960ರ ದಶಕದಲ್ಲಿ ‘ನಿಮಗೆ ಎಷ್ಟು ಕಷ್ಟ ಅನ್ನಿಸ್ತಿದೆ’ ಅನ್ನೋದನ್ನೇ ಅಳತೆಪಟ್ಟಿ ಮಾಡಿದರು. ಅದು ಶುರುವಾಗೋದು 6ರಿಂದ, ಮುಗಿಯೋದು 20ಕ್ಕೆ. ಹೇಳಿದ ಅಂಕಿಗೆ ಒಂದು ಸೊನ್ನೆ ಹಚ್ಚಿದ್ರೆ ಹೆಚ್ಚೂಕಡಿಮೆ ನಾಡಿಬಡಿತ ಸಿಗಲಿ ಅನ್ನೋ ಲೆಕ್ಕ. 11 ಅಂದ್ರೆ ಹಗುರ, 13 ಸ್ವಲ್ಪ ಕಷ್ಟ, 15 ಕಷ್ಟ. ನಿಮ್ಮ ಈಸಿ ರನ್ 11ರ ಆಸುಪಾಸಲ್ಲಿದ್ರೆ ಸಾಕು.

ಇನ್ನು ನೀವು ಗಾಬರಿಪಡೋ ಆ ಹಾರ್ಟ್ ರೇಟ್. ವಾಚು ಚರ್ಮಕ್ಕೆ ಹಸಿರು ಬೆಳಕು ಬಿಟ್ಟು ರಕ್ತದ ಏರಿಳಿತ ನೋಡುತ್ತೆ. ಪಟ್ಟಿ ಸಡಿಲ ಇದ್ರೂ ಚಳಿಗೆ ಕೈ ತಣ್ಣಗಾದ್ರೂ ಅದು ತಪ್ಪುತ್ತೆ. ಕೆಲವೊಮ್ಮೆ ನಾಡಿ ಬಿಟ್ಟು ಹೆಜ್ಜೆಯ ತಾಳವನ್ನೇ ಎಣಿಸಿ 170 ಅಂತ ತೋರಿಸುತ್ತೆ. ಮೇಲಾಗಿ ಜೋನ್‌ಗಳನ್ನ (ಹಗುರ, ಜೋರು ಅನ್ನೋ ಬಡಿತದ ಹಂತಗಳು) 220ರಲ್ಲಿ ವಯಸ್ಸು ಕಳೆದು ಬರೋ ಗರಿಷ್ಠ ಬಡಿತದ ಮೇಲೆ ಹಾಕಿದ್ರೆ ಅದು ಬರೀ ಸರಾಸರಿ. ಒಬ್ಬೊಬ್ಬರಿಗೆ ಆಚೀಚೆ ಹತ್ತು ಹನ್ನೆರಡು ವ್ಯತ್ಯಾಸ ಮಾಮೂಲು. ಅಂಥಾ ಅಂಕಿಗೆ ಒಂದು ಓಟದ ನೆಮ್ಮದಿ ಒತ್ತೆ ಇಡಬೇಕಾ?

ದೂರ ಬಿಡಿ, ಹೊತ್ತು ಲೆಕ್ಕ ಹಾಕಿ. ಹೊರಡುವಾಗ ಗೋಡೆ ಗಡಿಯಾರ ನೋಡಿ, ಬಂದಮೇಲೆ ಇನ್ನೊಮ್ಮೆ ನೋಡಿ. ಮುಗೀತು.

ಎಂಟನೇ_ಲೇನ್:
ಈಸಿ ರನ್‌ಗೆ ಮಗ್ಗಿ ಸರಿ ಹಳೇ_ಶೂ ಅವರೇ, ಇಂಟರ್ವಲ್‌ಗೆ (ಜೋರು ಸುತ್ತು, ನಡುವೆ ವಿರಾಮ) ನಾನಂತೂ ಒಪ್ಪಲ್ಲ. ಮೊದಲನೇ ಸುತ್ತು ಯಾವಾಗಲೂ ಹಗುರ ಅನ್ನಿಸುತ್ತೆ, ಕೊನೆಯದು ಭಾರ. ಅನ್ನಿಸಿಕೆ ನಂಬಿದ್ರೆ ಮೊದಲನೆಯದೇ ಹೊಡೆದು ಬಿಸಾಕ್ತೀವಿ. ಆದ್ರೆ ಅದಕ್ಕೆ ಜಿಪಿಎಸ್ ಬೇಡ, ಗುಂಡಿ ಒತ್ತೋ ಸ್ಟಾಪ್‌ವಾಚ್ ಸಾಕು. ಟ್ರ್ಯಾಕಿನ ಒಳಲೇನ್ 400 ಮೀಟರ್ ಅಂತ ಅಳೆದೇ ಇಟ್ಟಿರ್ತಾರೆ (ನನ್ನ ಹಾಗೆ ಎಂಟನೇ ಲೇನ್ ಹಿಡಿದ್ರೆ ಸುಮಾರು 453, ಹುಷಾರು). 1920ರ ದಶಕದಲ್ಲಿ ಫಿನ್ಲೆಂಡಿನ ಓಟಗಾರ ಪಾವೋ ನುರ್ಮಿ ಒಲಿಂಪಿಕ್ಸ್‌ನಲ್ಲೇ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದು ಓಡ್ತಿದ್ದರು. ಹಳೆಯವರೆಲ್ಲ ಬರಿಗೈಲಿ ಓಡಿದರು ಅನ್ನೋದು ಸುಳ್ಳು.

ಬೆಳಕು_ಹರಿಯೋ_ಮುಂಚೆ:
ಒಬ್ಬಳೇ ಕತ್ತಲಲ್ಲಿ ಓಡೋಳು ನಾನು. ಫೋನ್ ಬಿಟ್ಟು ಹೋಗಿ ಅಂತ ಯಾರು ಹೇಳಿದ್ರೂ ಕೇಳಲ್ಲ. ಸೈಲೆಂಟ್ ಮಾಡಿ ಸೊಂಟದ ಪಟ್ಟಿಗೆ ಸಿಕ್ಕಿಸಿಕೊಳ್ತೀನಿ, ಜೊತೆಗೆ ಹೆಸರು, ಮನೆಯವರ ನಂಬರ್ ಬರೆದ ಚೀಟಿ. ಇಯರ್‌ಫೋನ್ ಮಾತ್ರ ಬಿಟ್ಟೇಬಿಟ್ಟೆ, ಹಿಂದಿನಿಂದ ಬರೋ ಗಾಡಿ ಕೇಳಬೇಕಲ್ಲ. ಇನ್ನೊಂದು: ಇಷ್ಟರ ಮೇಲೆ ಬಡಿತ ಹೋಗಬಾರದು ಅಂತ ಡಾಕ್ಟರ್ ಹೇಳಿರೋರು ಅವರನ್ನ ಕೇಳದೆ ವಾಚ್ ಬಿಚ್ಚಬೇಡಿ. ಬೀಟಾ ಬ್ಲಾಕರ್ ತಗೊಳ್ಳೋರ ಕಥೆ ಉಲ್ಟಾ. ಆ ಮಾತ್ರೆ ಬಡಿತ ಏರದ ಹಾಗೆ ತಡೆಯುತ್ತೆ, ಹಾಗಾಗಿ ಅಂಕಿ ನೋಡಿ ಜೋರು ಮಾಡಬಾರದು.

ನಿಧಾನವೇ_ಪ್ರಧಾನ:
ಮಗ್ಗಿ ಹೇಳ್ಕೊಂಡು ಓಡಿದೆ. ಮೊದಲ ಏರಿಗೇ ಮುರೀತು! ಇಷ್ಟು ದಿನ ಈಸಿ ಅಂದ್ಕೊಂಡು ಓಡ್ತಿದ್ದ ವೇಗ ಈಸಿ ಅಲ್ಲವೇ ಅಲ್ಲ. ರೇಸ್ ದಿನ ಏನು ಮಾಡಲಿ? ವಾಚ್ ಇಲ್ಲದೆ ಗುಂಪಿನ ಜೊತೆ ಕೊಚ್ಕೊಂಡು ಹೋಗ್ತೀನಿ ಅಂತ ಭಯ.

ಹಳೇ_ಶೂ:
ರೇಸಿಗೆ ಕಟ್ಕೊಳ್ಳಿ, ಮಡಿ ಏನಿಲ್ಲ. ಈಗಿಂದ ಹೀಗೆ ಮಾಡಿ: ಪರದೆ ಮೇಲೆ ಟೇಪ್ ಅಂಟಿಸಿ, ಕಿಲೋಮೀಟರಿಗೊಮ್ಮೆ ನಡುಗೋದನ್ನ ಆಫ್ ಮಾಡಿ ಓಡಿ. ಮುಗಿದಮೇಲೆ ಎಷ್ಟು ದೂರ, ಯಾವ ಪೇಸ್ ಅಂತ ಮೊದಲು ಕಾಗದದಲ್ಲಿ ಬರೀರಿ, ಆಮೇಲೆ ಟೇಪ್ ಕೀಳಿ. ಊಹೆ ಹತ್ತಿರ ಬರ್ತಾ ಹೋದ್ರೆ ರೇಸ್ ದಿನ ಗುಂಪು ಎಳೆಯೋದು ಕಾಲಿಗೇ ಗೊತ್ತಾಗುತ್ತೆ. ದಾರೀಲಿ ದೊಡ್ಡ ಗಡಿಯಾರ ಇಟ್ಟಿದ್ರೆ ನೆನಪಿರಲಿ, ಅದು ಸಾಮಾನ್ಯವಾಗಿ ಓಟ ಶುರುವಾದಾಗಿಂದ ಎಣಿಸುತ್ತೆ. ನೀವು ಗೆರೆ ದಾಟೋಕೆ ಹಿಡಿದ ಹೊತ್ತು ಕಳೀಬೇಕು.

ಟೇಪ್ ಅಗಲದ್ದೇ ತಗೊಳ್ಳಿ. ಸಣ್ಣದಾದ್ರೆ ಅಂಚಿನಿಂದ ಇಣುಕ್ತೀರಿ.