ಹಳೆಯ ಸಹಿಪತ್ರ ಕೊಳ್ಳುವ ಮುಂಚೆ ಏನೇನು ನೋಡಬೇಕು? ಅನುಭವ ಇದ್ದವರು ಹೇಳಿ

ಕೇಳಿದವರು, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಹೋದ ವರ್ಷ ಕೆಲಸಕ್ಕೆ ಸೇರಿದವನು ನಾನು. ಮಿಲಿಟರಿಯವರು, ರಾಜಕೀಯದವರು ಸಹಿ ಮಾಡಿದ ಹಳೆಯ ಪತ್ರಗಳನ್ನು ಕೂಡಿಡಬೇಕು ಅಂತ ಬಹಳ ದಿನದ ಆಸೆ. ಒಬ್ಬ ವ್ಯಾಪಾರಿ 1946ರ ನೆಹರೂ ಪತ್ರ ಇದೆ, 18 ಸಾವಿರಕ್ಕೆ ಕೊಡುತ್ತೇನೆ ಅನ್ನುತ್ತಿದ್ದಾರೆ. ಫೋಟೋದಲ್ಲಿ ಚೆನ್ನಾಗಿಯೇ ಕಾಣುತ್ತದೆ. ಭಾನುವಾರದೊಳಗೆ ಹೇಳಬೇಕಂತೆ. ಇನ್ನೊಂದು, ನಮ್ಮ ಅಜ್ಜನ ಟ್ರಂಕಿನಲ್ಲಿ ಉರ್ದು ಕಾಗದಗಳ ಗಂಟು ಸಿಕ್ಕಿದೆ. ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲ. ಏನು ಮಾಡಲಿ?

ನಿವೃತ್ತ ಬ್ಯಾಂಕ್ ನೌಕರ, ಕಲಬುರಗಿ

ತಮ್ಮಾ, ಮೊದಲು ಆ ಭಾನುವಾರದ ಮಾತು ಮರೆತುಬಿಡು. ಖರೆ ಪತ್ರ ಇಟ್ಟುಕೊಂಡವರು ಅವಸರ ಮಾಡುವುದಿಲ್ಲ. ಇಪ್ಪತ್ತೆರಡು ವರ್ಷದಿಂದ ಈ ಹುಚ್ಚು ಹಿಡಿದಿದೆ ನನಗೆ. ಅವಸರ ಮಾಡಿದಾಗಲೆಲ್ಲ ದುಡ್ಡು ಕಳೆದುಕೊಂಡಿದ್ದೇನೆ.

ನಾನು ಮೊದಲು ಕೊಂಡಿದ್ದು ಕಟ್ಟು ಹಾಕಿಸಿದ ಒಂದು ಪತ್ರ. ಗಾಜು ತೆಗೆಯಬೇಡಿ, ಕಾಗದ ಮೆತ್ತಗಾಗಿದೆ ಅಂದರು ಮಾರಿದವರು. ನಂಬಿದೆ. ಎರಡು ವರ್ಷ ಗೋಡೆಯ ಮೇಲಿತ್ತು. ಒಂದು ದಿನ ಪರಿಚಯದ ಅಕ್ಕಸಾಲಿಗರ ಲೆನ್ಸ್ ತಂದು, ಗಾಜು ಬಿಚ್ಚಿ ನೋಡಿದೆ. ಸಹಿಯ ಗೆರೆ ಪೂರ್ತಿ ಸಣ್ಣ ಸಣ್ಣ ಚುಕ್ಕಿ! ಅಚ್ಚಿನಲ್ಲಿ ತೆಗೆದ ಸಹಿ. ಪೆನ್ನಿನ ಸಹಿಯಲ್ಲಿ ಹಾಗಿರುವುದಿಲ್ಲ. ಎರಡು ಗೆರೆ ಒಂದರ ಮೇಲೊಂದು ಹಾಯುವ ಕಡೆ ಮಸಿ ದಟ್ಟವಾಗಿರುತ್ತದೆ. ಕೈ ಒತ್ತಿದ ಕಡೆ ಗೆರೆ ದಪ್ಪ, ಎತ್ತಿದ ಕಡೆ ತೆಳು. ರಬ್ಬರ್ ಮುದ್ರೆಯ ಸಹಿಯಾದರೆ ಎಲ್ಲ ಕಡೆ ಒಂದೇ ದಪ್ಪ, ಅಂಚಿನಲ್ಲಿ ಮಸಿ ಸರಿದು ನಿಂತಿರುತ್ತದೆ. ಟೈಪ್ ಮಾಡಿದ ಪತ್ರವಾದರೆ ಹಿಂದುಗಡೆ ಬೆರಳಾಡಿಸು. ಅಕ್ಷರ ಕಾಗದಕ್ಕೆ ಬಡಿದ ಗುರುತು ಕೈಗೆ ಹತ್ತುತ್ತದೆ. ಈಗಿನ ಪ್ರಿಂಟರಿನ ಕಾಗದದಲ್ಲಿ ಹಿಂದೆ ಏನೂ ಹತ್ತುವುದಿಲ್ಲ.

ಮತ್ತೊಂದು, ನೋಟು ಚೆಕ್ ಮಾಡುವ ನೇರಳೆ ಟಾರ್ಚ್. ನೂರಿನ್ನೂರಕ್ಕೆ ಸಿಗುತ್ತದೆ. ಕಾಗದ ಬೆಳ್ಳಗೆ ಕಾಣಲಿ ಅಂತ ಸೇರಿಸುವ ಪುಡಿ ಬಳಕೆಗೆ ಬಂದದ್ದು ಹೆಚ್ಚುಕಮ್ಮಿ 1950ರ ನಂತರ. 1946ರ ಕಾಗದ ಆ ಬೆಳಕಿನಲ್ಲಿ ನೀಲಿ ಬಿಳುಪಾಗಿ ಫಳಫಳ ಅಂದರೆ ಕೈಬಿಡು. ಹೊಳೆಯದಿದ್ದರೂ ಅಸಲಿ ಅಂತ ಹೇಳೋಕಾಗಲ್ಲ. ಹಳೇ ಲೆಕ್ಕದ ಪುಸ್ತಕದ ಖಾಲಿ ಹಾಳೆ ಹರಿದು ಬರೆಯುವವರೂ ಇದ್ದಾರೆ.

ಇಷ್ಟೆಲ್ಲಕ್ಕಿಂತ ಮೊದಲು ಲೆಟರ್‌ಹೆಡ್ ಓದು. ನೆಹರೂ ಮಧ್ಯಂತರ ಸರ್ಕಾರಕ್ಕೆ ಬಂದದ್ದು 1946ರ ಸೆಪ್ಟೆಂಬರ್ 2ರಂದು, ಉಪಾಧ್ಯಕ್ಷರಾಗಿ. ಪ್ರಧಾನಿಯಾದದ್ದು 1947ರ ಆಗಸ್ಟ್ 15ಕ್ಕೆ. 1946ರ ಪತ್ರದ ಮೇಲೆ ಭಾರತದ ಪ್ರಧಾನಿ ಅಂತ ಅಚ್ಚಾಗಿದ್ದರೆ ಟಾರ್ಚೂ ಬೇಡ, ಲೆನ್ಸೂ ಬೇಡ. ನಮ್ಮ ಚಿಂಚೋಳಿಯ ವೀರೇಂದ್ರ ಪಾಟೀಲರು 1968ರಲ್ಲಿ ಮೊದಲ ಸಲ ಮುಖ್ಯಮಂತ್ರಿಯಾದಾಗ ರಾಜ್ಯದ ಹೆಸರು ಮೈಸೂರು. ಕರ್ನಾಟಕ ಆದದ್ದು 1973ರಲ್ಲಿ. ಪಿನ್‌ಕೋಡ್ ಶುರುವಾದದ್ದು 1972ರಲ್ಲಿ. 1969ರ ಪತ್ರದಲ್ಲಿ ಆರಂಕಿಯ ಪಿನ್ ಕಂಡರೆ ಏನು ಅಂತ ನಿನಗೇ ಗೊತ್ತಾಗುತ್ತದೆ, ಅಲ್ವಾ?

ಶುರುವಿಗೆ ಇಂಥ ನಮ್ಮ ಭಾಗದವರ ಪತ್ರಗಳೇ ಒಳ್ಳೆಯವು ಅಂತ ನನ್ನ ಅಭಿಪ್ರಾಯ. 1952ರ ಮೊದಲ ಚುನಾವಣೆಯಲ್ಲಿ ಕಲಬುರಗಿಯಿಂದ ಲೋಕಸಭೆಗೆ ಹೋದವರು ಸ್ವಾಮಿ ರಮಾನಂದ ತೀರ್ಥರು. ಅವರು ನಿನ್ನೂರಿನವರಿಗೆ ಬರೆದ ಎರಡು ಸಾಲು ಅದೇ ಮನೆಯ ಪೆಟ್ಟಿಗೆಯಿಂದ ಬಂದರೆ, ಯಾರು ಯಾರಿಗೆ ಯಾಕೆ ಬರೆದರು ಅಂತ ಆ ಮನೆಯವರೇ ಹೇಳುತ್ತಾರೆ. ಊರು ಕೇರಿ ಗೊತ್ತಿಲ್ಲದ ನೆಹರೂ ಸಹಿಗೆ ಆ ಸಾಕ್ಷಿ ಎಲ್ಲಿಂದ ತರುತ್ತೀ?

ಶಿಕ್ಷಕಿ, ಬೀದರ್

ಟ್ರಂಕಿನ ಗಂಟಿನ ಬಗ್ಗೆ ನಾನು ಹೇಳುತ್ತೇನೆ. ನಮ್ಮ ಮನೆಯಲ್ಲೂ ಕೆಂಪು ಬಟ್ಟೆಯ ಒಂದು ಬಸ್ತಾ ಇತ್ತು. 1956ರವರೆಗೆ ನಮ್ಮ ಜಿಲ್ಲೆಗಳು ಹೈದರಾಬಾದ್ ರಾಜ್ಯದಲ್ಲಿದ್ದವು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಹಾಗಾಗಿ ಈ ಕಾಗದಗಳು ನಮ್ಮಲ್ಲಿ ಮನೆಮನೆಗೂ ಇವೆ. ಇಸವಿ ನೋಡಿ ಗಾಬರಿಯಾಗಬೇಡಿ. 1340 ಅಂತ ಇದ್ದರೆ ಅದು ಹೆಚ್ಚಾಗಿ ಫಸಲಿ, ಅಂದರೆ ಕಂದಾಯದ ಲೆಕ್ಕದ ವರ್ಷ. 590 ಕೂಡಿಸಿ, 1930-31 ಆಗುತ್ತದೆ. ಮುಸ್ಲಿಮರ ಹಿಜರಿ ವರ್ಷಕ್ಕೆ ಈ ಲೆಕ್ಕ ಬರುವುದಿಲ್ಲ, ಎರಡನ್ನೂ ಬೆರೆಸಬೇಡಿ.

ಹಳೆಯ ಸನದುಗಳಲ್ಲಿ, ಅಂದರೆ ಸರ್ಕಾರ ಕೊಟ್ಟ ಹಕ್ಕುಪತ್ರಗಳಲ್ಲಿ, ಸಹಿಗಿಂತ ಮೊಹರಿಗೇ ಬೆಲೆ. ಮೊಹರಿನಲ್ಲಿ ಕೆತ್ತಿದ ವರ್ಷ ಕಾಗದದ ವರ್ಷಕ್ಕಿಂತ ಹಿಂದಿನದಾಗಿದ್ದರೆ ನಕಲಿ ಅಂತ ಎಸೆಯಬೇಡಿ. ಮೊಹರು ಮಾಡಿಸಿದ ವರ್ಷ ಅದು. ಅದೇ ಮೊಹರನ್ನು ಎಷ್ಟೋ ವರ್ಷ ಒತ್ತುತ್ತಿದ್ದರು. ಮೊಹರಿನ ವರ್ಷ ಕಾಗದಕ್ಕಿಂತ ಮುಂದಿನದಾಗಿದ್ದರೆ ಮಾತ್ರ ಸಂಶಯ ಪಡಬೇಕು.

ಓದಿಸಲು ಉರ್ದು ಬಲ್ಲವರೆಲ್ಲರಿಗೂ ಆಗುವುದಿಲ್ಲ. ಶಿಕಸ್ತಾ ಅನ್ನುವ ಮುರಿದ ಬರಹ ಬಲ್ಲ ಹಿರಿಯರೇ ಬೇಕು. ನಮ್ಮ ಓಣಿಯ ನಿವೃತ್ತ ಮೇಷ್ಟ್ರೊಬ್ಬರು ಮೂರು ಸಂಜೆ ಕೂತು ಓದಿಕೊಟ್ಟರು. ಅವರು ಓದುತ್ತಿದ್ದಂತೆ ನಾನು ಪೆನ್ಸಿಲ್‌ನಿಂದ ಬೇರೆ ಹಾಳೆಯಲ್ಲಿ ಬರೆದುಕೊಂಡೆ. ಮೂಲದ ಮೇಲೆ ಒಂದು ಗುರುತೂ ಹಾಕಬೇಡಿ. ಇಂಥ ಹಿರಿಯರು ಈಗ ಭಾಳ ಕಡಿಮೆ. ಬೇಗ ಹೋಗಿ ಓದಿಸಿಕೊಳ್ಳಿ.

ಸುರಪುರದಿಂದ ಒಬ್ಬರು

ನಮ್ಮೂರಿಗೆ ಬಂದವರು ಟೇಲರ್ ಮಂಜಿಲ್ ನೋಡಿ, ಮೆಡೋಸ್ ಟೇಲರ್ ಪತ್ರ ಸಿಗುತ್ತಾ ಅಂತ ಕೇಳುತ್ತಾರೆ. ಈ ಬ್ರಿಟಿಷ್ ಸಾಹೇಬರು ಇಲ್ಲಿ ನಮ್ಮ ರಾಜಾ ವೆಂಕಟಪ್ಪ ನಾಯಕರ ಬಾಲ್ಯದಲ್ಲಿ ಆಡಳಿತ ನೋಡಿಕೊಂಡವರು. ಆ ರಾಜರು ಬ್ರಿಟಿಷರ ವಿರುದ್ಧ ಎದ್ದ 1858ರ ಬಂಡಾಯದ ಕಾಗದ ಅಂತ ಯಾರಾದರೂ ತೋರಿಸಿದರೆ ಭಾವನೆಗೆ ಬಿದ್ದು ದುಡ್ಡು ಕೊಡಬೇಡಿ. ನಮಗೆ ರಾಜರ ಹೆಸರು ಎಷ್ಟು ದೊಡ್ಡದು ಅಂತ ಮಾರುವವರಿಗೂ ಗೊತ್ತು. ಹೈದರಾಬಾದಿನ ತಾರನಾಕಾದಲ್ಲಿರುವ ಪತ್ರಾಗಾರದಲ್ಲಿ ನಿಜಾಮ್ ಕಾಲದ ದಾಖಲೆಗಳಿವೆ. ದೆಹಲಿಯ ರಾಷ್ಟ್ರೀಯ ಪತ್ರಾಗಾರದವರು ಅಭಿಲೇಖ್ ಪಟಲ್ ಅನ್ನುವ ವೆಬ್‌ಸೈಟಿನಲ್ಲಿ ಸಾಕಷ್ಟು ಹಾಕಿದ್ದಾರೆ, ಮನೆಯಲ್ಲೇ ನೋಡಬಹುದು. ಅಸಲಿ ಸಹಿ ಹತ್ತಾರು ನೋಡಿ ಕಣ್ಣು ಪಳಗಲಿ.

ಯಾದಗಿರಿಯಿಂದ

ಒಂದೇ ಮಾತು, ಲ್ಯಾಮಿನೇಷನ್ ಮಾಡಿಸಬೇಡಿ. ನಮ್ಮ ತಾತನ ಜೈಲಿನ ಬಿಡುಗಡೆ ಚೀಟಿ ಇತ್ತು. ಹಾಳಾಗಬಾರದು ಅಂತ ನಾನೇ ಅಂಗಡಿಗೆ ಒಯ್ದೆ. ಬಿಸಿಗೆ ನೇರಳೆ ಮಸಿಯೆಲ್ಲ ಹರಡಿ ಸಹಿಯೇ ಹೋಯಿತು. ಇಂದಿಗೂ ಅದನ್ನು ತೆಗೆದು ನೋಡಲು ಮನಸ್ಸಾಗುವುದಿಲ್ಲ. ಸೆಲ್ಲೋಟೇಪೂ ಬೇಡ, ಸ್ಟೇಪಲ್ ಪಿನ್ನೂ ಬೇಡ. ಆಮ್ಲ ಇಲ್ಲದ ಕಾಗದದಲ್ಲಿ ಮಡಿಕೆ ಬಿಡಿಸಿ ಮಲಗಿಸಿಡಿ. ನಮ್ಮ ಕಡೆ ಬೇಸಿಗೆಯಲ್ಲಿ 42 ಡಿಗ್ರಿ ದಾಟುತ್ತದೆ. ಅಟ್ಟದ ಮೇಲೆ, ತಗಡಿನ ಕೆಳಗೆ ಇಡಲೇಬೇಡಿ.

ಇನ್ನು ಕಾನೂನು. 1972ರ ಕಾಯ್ದೆಯ ಪ್ರಕಾರ 75 ವರ್ಷ ದಾಟಿದ ಐತಿಹಾಸಿಕ ದಾಖಲೆ ಪುರಾತನ ವಸ್ತು. ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಇಂಥವುಗಳ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ವ್ಯಾಪಾರಿ ಹತ್ತಿರ ಅದನ್ನೂ ಕೇಳಿ, ರಸೀದಿಯನ್ನೂ ಕೇಳಿ.

ಕೇಳಿದವರು, ಕಲಬುರಗಿ

ಎಲ್ಲರಿಗೂ ಭಾಳ ಥ್ಯಾಂಕ್ಸ್. ನಿನ್ನೆ ಟಾರ್ಚ್ ಹಿಡಿದುಕೊಂಡೇ ಹೋಗಿದ್ದೆ. ಕಾಗದ ಟ್ಯೂಬ್‌ಲೈಟ್ ಹಾಗೆ ಹೊಳೆಯಿತು. ಬೇಡ ಅಂತ ಹೇಳಿ ಬಂದೆ. ರಸೀದಿ ಕೇಳಿದ್ದಕ್ಕೆ ಅವರು ಉತ್ತರವನ್ನೇ ಕೊಡಲಿಲ್ಲ.

ಟ್ರಂಕಿನ ಗಂಟು ಬಿಚ್ಚಿದೆವು. ಮೇಲಿನ ಹಾಳೆಯಲ್ಲಿ 1347 ಅಂತ ಇದೆ. ಅಂದರೆ ಫಸಲಿ ಲೆಕ್ಕದಲ್ಲಿ 1937-38, ಅಲ್ವಾ ಅಕ್ಕಾ? ಕೆಳಗೆ ಮೂಲೆಯಲ್ಲಿ ಕನ್ನಡದಲ್ಲೇ ಒಂದು ಸಹಿ ಇದೆ, ಅಕ್ಷರ ಸ್ವಲ್ಪ ನಡುಗಿದೆ. ನಮ್ಮ ಮುತ್ತಜ್ಜನದು ಅಂತ ಅಪ್ಪ ಗುರುತು ಹಿಡಿದರು. ಬೀದರಿನ ಆ ಮೇಷ್ಟ್ರು ಹೊರಗಿನವರಿಗೂ ಓದಿಕೊಡುತ್ತಾರಾ? ಅವರನ್ನು ಒಮ್ಮೆ ಕೇಳಿ ತಿಳಿಸಿ ಅಕ್ಕಾ. ನಾನೂ ಅಪ್ಪನೂ ಮುಂದಿನ ವಾರವೇ ಬರುತ್ತೇವೆ.